ಫಾರ್ಮುಲಾದಲ್ಲಿ ಮೂರು, ಬಿಲ್ಲೆಯಲ್ಲಿ ಎಷ್ಟು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಟಾರ್ಚಿನ ಸೆಲ್ ಒಳಗಿರುವ ಕಪ್ಪು ಪುಡಿಯ ಬಗ್ಗೆ ಬರೆದಿದ್ದೆ. ಅದು ಮ್ಯಾಂಗನೀಸ್ ಡೈಆಕ್ಸೈಡ್. ಅದನ್ನು ಓದಿ ಬಂದ ಪತ್ರಗಳಲ್ಲಿ ನಾಲ್ಕು ಮ್ಯಾಂಗನೀಸ್ ಮತ್ತು ಆಕ್ಸಿಜನ್ ಸುತ್ತಲೇ ಇವೆ. ಹಾಗಾಗಿ ಈ ಸಲದ ಪುಟ ಪೂರ್ತಿ ಅದಕ್ಕೇ. ಕಾಲೇಜಿನಲ್ಲಿ ಪಾಠ ಮಾಡಲು ಸೇರುವ ಮೊದಲು ಬೆಂಗಳೂರಿನ ಒಂದು ಲ್ಯಾಬಿನಲ್ಲಿ ನಾಲ್ಕು ವರ್ಷ ಇಂಥ ಆಕ್ಸೈಡ್‌ಗಳನ್ನು ಕುಲುಮೆಯಲ್ಲಿ ಸುಟ್ಟು ಮಾಡುವ ಕೆಲಸ ಮಾಡಿದ್ದೆ. ಮೊದಲ ಪತ್ರ ಓದಿದಾಗ ಆ ಕುಲುಮೆಯ ಬಿಸಿ ಮತ್ತೆ ಮುಖಕ್ಕೆ ತಾಗಿದ ಹಾಗಾಯಿತು.

ಪ್ರಶ್ನೆ: ಮೇಡಂ, ಎಂ.ಎಸ್ಸಿ. ಪ್ರಾಜೆಕ್ಟಿಗಾಗಿ ಲ್ಯಾಂಥನಮ್ ಮ್ಯಾಂಗನೈಟ್ (ಲ್ಯಾಂಥನಮ್, ಮ್ಯಾಂಗನೀಸ್, ಆಕ್ಸಿಜನ್ ಸೇರಿದ ವಸ್ತು) ಮಾಡಿದೆವು. ಸಿಟ್ರೇಟ್ ಜೆಲ್ ಮಾಡಿ, 700 ಡಿಗ್ರಿಯಲ್ಲಿ ಗಾಳಿಯಲ್ಲೇ ಸುಟ್ಟೆವು. ಅದರಲ್ಲಿ ಅರ್ಧ ಪುಡಿಯನ್ನು ಟ್ಯೂಬ್ ಫರ್ನೇಸಿನಲ್ಲಿ ಆರ್ಗಾನ್ ಅನಿಲ ಹಾಯಿಸಿ 1000 ಡಿಗ್ರಿಗೆ ಕಾಯಿಸಿದೆವು. ಎರಡೂ ಪುಡಿಗಳನ್ನು ಒತ್ತಿ ಮಾಡಿದ ಬಿಲ್ಲೆಗಳನ್ನು ದಾರಕ್ಕೆ ಕಟ್ಟಿ, ದ್ರವ ಸಾರಜನಕದಲ್ಲಿ ಅದ್ದಿ, ಅಯಸ್ಕಾಂತದ ಹತ್ತಿರ ಹಿಡಿದೆವು. ಮೊದಲನೆಯದು ಟಕ್ಕನೆ ಹೋಗಿ ಅಂಟಿತು. ಎರಡನೆಯದು ಅಷ್ಟಾಗಿ ಅಲ್ಲಾಡಲೇ ಇಲ್ಲ. ಎಕ್ಸ್‌ರೇ ಚಿತ್ರದಲ್ಲೂ ಗೆರೆಗಳು ಬೇರೆ ಬೇರೆ. ಎರಡೂ ಒಂದೇ ವಸ್ತು ಅಲ್ವಾ?
— ಎಂ.ಎಸ್ಸಿ. ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಒಂದೇ ವಸ್ತು ಅಲ್ಲಮ್ಮ. ಡಬ್ಬಿಯ ಮೇಲೆ ಒಂದೇ ಹೆಸರು ಬರೆದಿದ್ದೀರಿ, ಅಷ್ಟೇ. ಪುಸ್ತಕದಲ್ಲಿ ಲ್ಯಾಂಥನಮ್ ಒಂದು, ಮ್ಯಾಂಗನೀಸ್ ಒಂದು, ಆಕ್ಸಿಜನ್ ಮೂರು ಅಂತ ಇರುತ್ತದೆ. ಆ ಮೂರು ನಿಮ್ಮ ಬಿಲ್ಲೆಯಲ್ಲೂ ಮೂರೇ ಇರಬೇಕು ಅಂತ ಏನಿಲ್ಲ. ನಿಮ್ಮ ಹಾಗೆ ಕಡಿಮೆ ಬಿಸಿಯಲ್ಲಿ, ಗಾಳಿಯಲ್ಲಿ ಸುಟ್ಟರೆ ಅದು 3.1 ಆಗಬಹುದು, 3.15 ಆಗಬಹುದು. ಆರ್ಗಾನ್‌ನಲ್ಲಿ ಕಾಯಿಸಿದರೆ ಹೆಚ್ಚಿನದು ಬಿಟ್ಟುಹೋಗಿ ಮೂರರ ಹತ್ತಿರ ಬರುತ್ತದೆ. ನೀವು ಗೊತ್ತಿಲ್ಲದೆಯೇ ಬಹಳ ಒಳ್ಳೆಯ ಪ್ರಯೋಗ ಮಾಡಿದ್ದೀರಿ. ಬೇರೆ ಏನನ್ನೂ ಮುಟ್ಟದೆ ಆಕ್ಸಿಜನ್ ಒಂದನ್ನೇ ಬದಲಿಸಿದ್ದೀರಿ.

ಮೊದಲು ಚಾರ್ಜಿನ ಲೆಕ್ಕ ನೋಡೋಣ. ಪ್ಲಸ್, ಮೈನಸ್ ಎಲ್ಲ ಸೇರಿ ಸೊನ್ನೆ ಆಗಬೇಕು. ಒಂದು ಆಕ್ಸಿಜನ್‌ಗೆ ಮೈನಸ್ 2. ಮೂರಕ್ಕೆ ಮೈನಸ್ 6. ಲ್ಯಾಂಥನಮ್ ಪ್ಲಸ್ 3 ಕೊಡುತ್ತದೆ, ಅದು ಯಾವತ್ತೂ ಬದಲಾಗಲ್ಲ. ಉಳಿದ ಪ್ಲಸ್ 3 ಮ್ಯಾಂಗನೀಸ್ ಕೊಡಬೇಕು. ಈಗ ಆಕ್ಸಿಜನ್ 3.15 ಇದೆ ಅನ್ನಿ. ಮೈನಸ್ 6.30 ಆಯಿತು. ಮ್ಯಾಂಗನೀಸ್ ಸರಾಸರಿ ಪ್ಲಸ್ 3.30 ಆಗಲೇಬೇಕು. ಅಂದರೆ ನೂರು ಮ್ಯಾಂಗನೀಸ್‌ನಲ್ಲಿ ಎಪ್ಪತ್ತು ಪ್ಲಸ್ 3, ಮೂವತ್ತು ಪ್ಲಸ್ 4. ಆಕ್ಸಿಜನ್ 5 ಪರ್ಸೆಂಟ್ ಜಾಸ್ತಿ ಆದರೆ 30 ಪರ್ಸೆಂಟ್ ಮ್ಯಾಂಗನೀಸ್ ಬದಲಾಗುತ್ತದೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ವಸ್ತು ಅಷ್ಟು ದೊಡ್ಡದಾಗಿ ಬದಲಾಗೋದು ಇದಕ್ಕೇ.

ಇನ್ನು ಅಯಸ್ಕಾಂತದ ವಿಷಯ. ಮನೆಗೆ ಆರ್‌ಸಿಸಿ ಹಾಕುವ ದಿನ ನೋಡಿದ್ದೀರಲ್ಲ? ಕೆಳಗಿನಿಂದ ಮೇಲಿನವರೆಗೆ ಜನ ಸಾಲಾಗಿ ನಿಂತು ಕಾಂಕ್ರೀಟಿನ ಬಾಂಡ್ಲಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಮ್ಯಾಂಗನೀಸ್‌ಗಳು ಹಾಗೆ ನಿಂತಿವೆ ಅಂದುಕೊಳ್ಳಿ. ಪ್ಲಸ್ 3 ಮ್ಯಾಂಗನೀಸ್‌ನಲ್ಲಿ ಹೊರಸುತ್ತಿನ ನಾಲ್ಕು ಎಲೆಕ್ಟ್ರಾನ್. ಮೂರು ಅದರ ಮೈಯಲ್ಲೇ ಗಟ್ಟಿಯಾಗಿ ಕೂತಿವೆ. ಅದರ ಮುಖ, ಅಂದರೆ ಅದರ ಪುಟ್ಟ ಅಯಸ್ಕಾಂತದ ದಿಕ್ಕು, ಯಾವ ಕಡೆಗೆ ಅಂತ ಹೇಳುವುದು ಈ ಮೂರು. ನಾಲ್ಕನೆಯದು ಕೈಯಲ್ಲಿರುವ ಬಾಂಡ್ಲಿ. ಪ್ಲಸ್ 4 ಮ್ಯಾಂಗನೀಸ್‌ನಲ್ಲಿ ಮೂರೇ ಎಲೆಕ್ಟ್ರಾನ್. ಅಂದರೆ ಕೈ ಖಾಲಿ.

ಆಕ್ಸಿಜನ್ ಸರಿಯಾಗಿ ಮೂರೇ ಇದ್ದಾಗ ಎಲ್ಲರ ಕೈಯಲ್ಲೂ ಬಾಂಡ್ಲಿ. ಕೊಡುವವರಿದ್ದಾರೆ, ತೆಗೆದುಕೊಳ್ಳುವವರಿಲ್ಲ. ಸಾಲು ನಿಂತುಹೋಗುತ್ತದೆ. ಕರೆಂಟ್ ಹರಿಯಲ್ಲ. ಇನ್ನೊಂದು ತೊಂದರೆಯೂ ಇದೆ. ಬಾಂಡ್ಲಿ ಹಿಡಿದವನು ಭಾರಕ್ಕೆ ಬಗ್ಗುತ್ತಾನೆ ಅಲ್ವಾ? ಪ್ಲಸ್ 3 ಮ್ಯಾಂಗನೀಸ್ ಕೂಡ ತನ್ನ ಸುತ್ತಲಿನ ಆರು ಆಕ್ಸಿಜನ್‌ಗಳನ್ನು ಒಂದು ಕಡೆಗೆ ಎಳೆದು ಉದ್ದ ಮಾಡುತ್ತದೆ. ಎಲೆಕ್ಟ್ರಾನ್ ಆ ಓರೆ ಗೂಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ನಿಮ್ಮ ಎರಡು ಎಕ್ಸ್‌ರೇ ಚಿತ್ರಗಳಲ್ಲಿ ಗೆರೆಗಳು ಬೇರೆ ಆಗಿರುವುದು ಈ ಕಾರಣಕ್ಕೇ. ಆರ್ಗಾನ್‌ನಲ್ಲಿ ಕಾಯಿಸಿದ್ದು ಆರ್ಥೋರಾಂಬಿಕ್, ಗಾಳಿಯಲ್ಲಿ ಸುಟ್ಟದ್ದು ರಾಂಬೋಹೆಡ್ರಲ್. ಇವು ಹರಳಿನ ಎರಡು ಬೇರೆ ಬೇರೆ ಆಕಾರಗಳ ಹೆಸರು. ಇಂಡೆಕ್ಸಿಂಗ್ ಮಾಡಿ, ಅಂದರೆ ಯಾವ ಗೆರೆ ಹರಳಿನ ಯಾವ ಪದರದಿಂದ ಬಂತು ಅಂತ ಗುರುತಿಸಿ ನೋಡಿ.

ಆಕ್ಸಿಜನ್ ಜಾಸ್ತಿ ಆದ ಕೂಡಲೇ ಅಲ್ಲಲ್ಲಿ ಖಾಲಿ ಕೈ ಹುಟ್ಟುತ್ತವೆ. ಈಗ ಬಾಂಡ್ಲಿ ದಾಟಿಸಬಹುದು. ಆದರೆ ಒಂದು ಷರತ್ತು. ಬಾಂಡ್ಲಿ ತೆಗೆದುಕೊಳ್ಳುವವನು ಬೆನ್ನು ತಿರುಗಿಸಿ ನಿಂತಿರಬಾರದು. ಇಬ್ಬರ ಮುಖವೂ ಒಂದೇ ದಿಕ್ಕಿಗೆ ಇದ್ದರೆ ಮಾತ್ರ ಎಲೆಕ್ಟ್ರಾನ್ ಸಲೀಸಾಗಿ ದಾಟುತ್ತದೆ. ದಾಟಿದರೆ ಶಕ್ತಿ ಕಡಿಮೆ ಆಗುತ್ತದೆ. ಹಾಗಾಗಿ ಎಲ್ಲ ಮ್ಯಾಂಗನೀಸ್‌ಗಳೂ ಒಂದೇ ದಿಕ್ಕಿಗೆ ತಿರುಗಿ ನಿಲ್ಲುತ್ತವೆ. ಎಲ್ಲವೂ ಒಂದೇ ದಿಕ್ಕಿಗೆ ನಿಂತರೆ ಅದೇ ಅಯಸ್ಕಾಂತ. ಇದನ್ನು 1951ರಲ್ಲಿ ಹೇಳಿದವರು ಕ್ಲಾರೆನ್ಸ್ ಝೀನರ್. ಹೌದು, ನೀವು ಪಿಯುಸಿಯಲ್ಲಿ ಓದಿದ ಝೀನರ್ ಡಯೋಡ್‌ನ ಅದೇ ಝೀನರ್. ಎಲೆಕ್ಟ್ರಾನ್ ದಾಟುವುದು ನಡುವೆ ಇರುವ ಆಕ್ಸಿಜನ್ ಮೇಲಿಂದ. ಒಂದು ಮ್ಯಾಂಗನೀಸ್‌ನಿಂದ ಆಕ್ಸಿಜನ್‌ಗೆ, ಅದೇ ಗಳಿಗೆಯಲ್ಲಿ ಆಕ್ಸಿಜನ್‌ನಿಂದ ಇನ್ನೊಂದು ಮ್ಯಾಂಗನೀಸ್‌ಗೆ. ಎರಡು ಕೊಡು-ಕೊಳ್ಳುವಿಕೆ ಒಟ್ಟಿಗೆ ನಡೆಯುವುದರಿಂದ ಇದನ್ನು ಡಬಲ್ ಎಕ್ಸ್‌ಚೇಂಜ್ ಅಂತಾರೆ.

ನಿಮ್ಮ ಎರಡನೆಯ ಬಿಲ್ಲೆಯಲ್ಲಿ ಏನಾಗಿದೆ? ಅದೂ ಸುಮಾರು ಮೈನಸ್ 133 ಡಿಗ್ರಿಯ ಕೆಳಗೆ ಶಿಸ್ತಿಗೆ ಬರುತ್ತದೆ. ಆದರೆ ಬೇರೆ ಥರದ ಶಿಸ್ತು. ಒಂದು ಪದರ ಪೂರ್ತಿ ಒಂದು ಕಡೆ ಮುಖ ಮಾಡಿದರೆ ಅದರ ಮೇಲಿನ ಪದರ ಪೂರ್ತಿ ಎದುರು ಕಡೆ. ಒಂದರ ಬಲವನ್ನು ಇನ್ನೊಂದು ಹೊಡೆದುಹಾಕುತ್ತದೆ. ಹೊರಗೆ ಹೆಚ್ಚೇನೂ ಉಳಿಯಲ್ಲ. ಅಮೆರಿಕದ ಓಕ್ ರಿಜ್‌ನಲ್ಲಿ ವೊಲ್ಲನ್ ಮತ್ತು ಕೊಯ್ಲರ್ ನ್ಯೂಟ್ರಾನ್ ಕಣಗಳನ್ನು ಹಾಯಿಸಿ ಈ ಪದರಗಳನ್ನು ಕಂಡುಹಿಡಿದು 1955ರಲ್ಲಿ ಪ್ರಕಟಿಸಿದರು. ಮೈನಸ್ 196 ಡಿಗ್ರಿಯ ಸಾರಜನಕದಲ್ಲಿ ನೀವು ದಾರ ಕಟ್ಟಿ ನೋಡಿದ್ದು ಇದನ್ನೇ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎಷ್ಟೋ ಪ್ರಾಜೆಕ್ಟ್ ವರದಿಗಳಲ್ಲಿ ಇದನ್ನು ತಪ್ಪು ಬರೆದಿರುವುದನ್ನು ನೋಡಿದ್ದೇನೆ. ಆಕ್ಸಿಜನ್ ಜಾಸ್ತಿ ಅಂದರೆ ಅದು ಹರಳಿನ ಸಂದಿಯಲ್ಲಿ ತೂರಿಕೊಂಡು ಕೂತಿದೆ ಅಂತ ಬರೆಯುತ್ತಾರೆ. ಸಂದಿಯೇ ಇಲ್ಲ. ಈ ಹರಳಿನಲ್ಲಿ ಅಯಾನುಗಳು (ಚಾರ್ಜ್ ಇರುವ ಪರಮಾಣುಗಳು) ಅಷ್ಟು ಒತ್ತಾಗಿ ಕೂತಿವೆ. ನಡೆಯುವುದೇ ಬೇರೆ. ಹೊರಗಿಂದ ಬಂದ ಆಕ್ಸಿಜನ್ ಕಣದ ಮೇಲ್ಮೈಯಲ್ಲಿ ಹೊಸ ಸಾಲು ಕಟ್ಟುತ್ತದೆ. ಆ ಸಾಲಿಗೆ ಬೇಕಾದ ಲ್ಯಾಂಥನಮ್ ಮತ್ತು ಮ್ಯಾಂಗನೀಸ್ ಒಳಗಿಂದ ಎದ್ದು ಬರುತ್ತವೆ. ಒಳಗೆ ಅವುಗಳ ಜಾಗ ಖಾಲಿ. ಆಕ್ಸಿಜನ್ 3.15 ಅಂದರೆ ನಿಜವಾದ ಅರ್ಥ: ಆಕ್ಸಿಜನ್ ಜಾಗಗಳು ತುಂಬಿವೆ, ನೂರು ಲ್ಯಾಂಥನಮ್ ಜಾಗದಲ್ಲಿ ಸುಮಾರು ಐದು ಖಾಲಿ, ನೂರು ಮ್ಯಾಂಗನೀಸ್ ಜಾಗದಲ್ಲೂ ಸುಮಾರು ಐದು ಖಾಲಿ.

ಇದು ಬರೀ ಮಾತಿನ ವ್ಯತ್ಯಾಸ ಅಲ್ಲ. ನಿಮ್ಮ ಮೊದಲ ಬಿಲ್ಲೆಯ ರೆಸಿಸ್ಟೆನ್ಸ್ ಅಳೆದು ನೋಡಿ. ಎರಡನೆಯದಕ್ಕಿಂತ ಕಡಿಮೆ ಇರುತ್ತದೆ. ಆದರೆ ತಂಪಾಗಿಸಿದ ಹಾಗೆ ತಾಮ್ರದ ತಂತಿಯ ಥರ ಚೆನ್ನಾಗಿ ಹರಿಯಬೇಕಿತ್ತಲ್ಲ, ಅದು ಆಗದೇ ಇರಬಹುದು. ಇಂಥ ಹಲವು ಮಾದರಿಗಳು ಅಯಸ್ಕಾಂತ ಆಗುತ್ತವೆ, ಒಳ್ಳೆಯ ವಾಹಕ ಆಗಲ್ಲ. ಖಾಲಿ ಕೈಗಳೇನೋ ಬಂದವು. ಆದರೆ ಅವು ಬರಬೇಕಾದರೆ ಸಾಲಿನಿಂದ ಕೆಲವರು ಎದ್ದೇ ಹೋದರು. ಬಾಂಡ್ಲಿ ಅಲ್ಲಿಗೆ ಬಂದು ನಿಲ್ಲುತ್ತದೆ.

ಸಾಲು ಮುರಿಯದೆ ಕೈ ಖಾಲಿ ಮಾಡುವ ಉಪಾಯ ಇದೆ. ಲ್ಯಾಂಥನಮ್ ಜಾಗದಲ್ಲಿ ಹತ್ತಕ್ಕೆ ಮೂರರಷ್ಟು ಕ್ಯಾಲ್ಸಿಯಂ ಅಥವಾ ಸ್ಟ್ರಾನ್ಷಿಯಂ ಹಾಕುವುದು. ಅವು ಪ್ಲಸ್ 2 ಮಾತ್ರ ಕೊಡುತ್ತವೆ. ಲೆಕ್ಕ ಹಾಕಿದರೆ ಮ್ಯಾಂಗನೀಸ್ ಅದೇ 3.30ಕ್ಕೆ ಬರುತ್ತದೆ, ಸಾಲಿನಲ್ಲಿ ಯಾರೂ ಜಾಗ ಬಿಟ್ಟಿಲ್ಲ. ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಫಿಲಿಪ್ಸ್ ಪ್ರಯೋಗಾಲಯದ ಯೊಂಕರ್ ಮತ್ತು ವಾನ್ ಸ್ಯಾಂಟೆನ್ 1950ರಲ್ಲಿ ಪ್ರಕಟಿಸಿದ್ದು ಇದನ್ನೇ. ಸ್ಟ್ರಾನ್ಷಿಯಂ ಹಾಕಿದ್ದು ಸುಮಾರು 95 ಡಿಗ್ರಿಯವರೆಗೂ ಅಯಸ್ಕಾಂತ. ಅಂದರೆ ನೀರು ಕುದಿಯುವ ಬಿಸಿಗೆ ಹತ್ತಿರ ಹತ್ತಿರ. ಕ್ಯಾಲ್ಸಿಯಂ ಹಾಕಿದ್ದಕ್ಕೆ ಮೈನಸ್ 20 ಡಿಗ್ರಿ ಆಸುಪಾಸಿನ ಚಳಿ ಬೇಕು.

ಇಲ್ಲಿಯೂ ಆಕ್ಸಿಜನ್ ಕೈ ಬಿಟ್ಟರೆ ಎಲ್ಲ ಕೆಡುತ್ತದೆ. ಆ ಕ್ಯಾಲ್ಸಿಯಂ ಮಾದರಿಯಿಂದ 0.05 ಆಕ್ಸಿಜನ್ ಹೊರಟುಹೋಯಿತು ಅನ್ನಿ. ಮ್ಯಾಂಗನೀಸ್ 3.20ಕ್ಕೆ ಇಳಿಯಿತು. 0.15 ಹೋದರೆ 3.00, ಎಲ್ಲರ ಕೈಯೂ ಮತ್ತೆ ಭರ್ತಿ. ಜೊತೆಗೆ ಎರಡು ಮ್ಯಾಂಗನೀಸ್ ನಡುವಿನ ಸೇತುವೆಯೂ ಅಲ್ಲಲ್ಲಿ ಮುರಿದಿದೆ. ಒಂದು ಏಟಿಗೆ ಎರಡು ಗಾಯ. ಅಯಸ್ಕಾಂತ ಆಗುವ ಉಷ್ಣತೆ ಕೆಳಗೆ ಇಳಿಯುತ್ತದೆ, ರೆಸಿಸ್ಟೆನ್ಸ್ ಏರುತ್ತದೆ. ತೆಳು ಪದರಗಳನ್ನು ಕಡಿಮೆ ಒತ್ತಡದಲ್ಲಿ ಬೆಳೆಸುವವರಿಗೆ ಈ ಕಷ್ಟ ಚೆನ್ನಾಗಿ ಗೊತ್ತು. ಹಾಗಾಗಿ ಬೆಳೆಸಿದ ಮೇಲೆ ಆಕ್ಸಿಜನ್‌ನಲ್ಲಿ ಇನ್ನೊಮ್ಮೆ ಕಾಯಿಸುತ್ತಾರೆ. 1994ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನವರು ಇಂಥದೇ ಪದರದಲ್ಲಿ, 6 ಟೆಸ್ಲಾ ಅಯಸ್ಕಾಂತ ಕ್ಷೇತ್ರದಲ್ಲಿ, ರೆಸಿಸ್ಟೆನ್ಸ್ ಸಾವಿರ ಪಟ್ಟಿಗೂ ಜಾಸ್ತಿ ಬದಲಾಗುವುದನ್ನು ತೋರಿಸಿದಾಗ ಲೋಕವೆಲ್ಲ ಈ ಕಡೆ ತಿರುಗಿತು. ಬೆಂಗಳೂರಿನಲ್ಲೂ ಪ್ರೊ. ಸಿ.ಎನ್.ಆರ್. ರಾವ್ ಮತ್ತು ಅವರ ಜೊತೆಗಾರರು ಆ ವರ್ಷಗಳಲ್ಲೇ ಇದರ ಮೇಲೆ ತುಂಬ ಕೆಲಸ ಮಾಡಿದರು. ಬೇರೇನೂ ಬೆರೆಸದ ಲ್ಯಾಂಥನಮ್ ಮ್ಯಾಂಗನೈಟ್‌ನಲ್ಲೇ ಪ್ಲಸ್ 4 ಪ್ರಮಾಣವನ್ನು ಏರಿಸಿ ಇಳಿಸಿ ನೋಡಿದ್ದೂ ಅದರಲ್ಲಿ ಸೇರಿದೆ. ನೀವು ದಾವಣಗೆರೆಯಲ್ಲಿ ಕೂತು ಮಾಡಿದ್ದು ಅದೇ ದಾರಿಯ ಕೆಲಸ.

ನಿಮ್ಮ ಬಿಲ್ಲೆಗಳನ್ನು ಬಿಸಾಕಬೇಡಿ. ಕೋಣೆಯ ಬಿಸಿಯಲ್ಲಿ ಅವುಗಳ ಒಳಗಿನ ಆಕ್ಸಿಜನ್ ಎಲ್ಲೂ ಹೋಗಲ್ಲ. ನೂರಾರು ಡಿಗ್ರಿಗೆ ಕಾಯಿಸಿದಾಗ ಮಾತ್ರ ಒಳಗೆ-ಹೊರಗೆ ಓಡಾಡುತ್ತದೆ. ಎರಡನೆಯ ಬಿಲ್ಲೆಯನ್ನು ಮತ್ತೆ 700 ಡಿಗ್ರಿಯಲ್ಲಿ ಗಾಳಿಯಲ್ಲಿ ಒಂದೆರಡು ದಿನ ಕಾಯಿಸಿ, ಮತ್ತೆ ದಾರಕ್ಕೆ ಕಟ್ಟಿ. ಏನಾಯಿತು ಅಂತ ನನಗೆ ಬರೆಯಿರಿ.

ಪ್ರಶ್ನೆ: ನಮ್ಮ ಕಡೆ ಮ್ಯಾಂಗನೀಸ್ ಅದಿರು ಬೇಕಾದಷ್ಟಿದೆ. ಕೆಲವು ಕಲ್ಲಿನ ಪುಡಿ ಅಯಸ್ಕಾಂತಕ್ಕೆ ಸ್ವಲ್ಪ ಅಂಟುತ್ತದೆ, ಕೆಲವು ಅಂಟುವುದಿಲ್ಲ. ಇದಕ್ಕೂ ಆಕ್ಸಿಜನ್ನೇ ಕಾರಣವಾ?
— ಓದುಗರು, ಸಂಡೂರು

ಉತ್ತರ: ಇಲ್ಲ ಸರ್. ನಿಮ್ಮಲ್ಲಿ ಅಂಟುತ್ತಿರುವುದು ಬಹುಮಟ್ಟಿಗೆ ಕಬ್ಬಿಣದ ಅಂಶ. ಸಂಡೂರಿನ ಮ್ಯಾಂಗನೀಸ್ ಅದಿರಿನಲ್ಲಿ ಕಬ್ಬಿಣ ಬೆರೆತಿರುತ್ತದೆ, ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ಬರೀ ಮ್ಯಾಂಗನೀಸ್ ಮತ್ತು ಆಕ್ಸಿಜನ್ ಸೇರಿದ ನಾಲ್ಕು ಮುಖ್ಯ ಆಕ್ಸೈಡ್‌ಗಳಲ್ಲಿ ಒಂದೂ ಕೋಣೆಯ ಬಿಸಿಯಲ್ಲಿ ಅಯಸ್ಕಾಂತ ಅಲ್ಲ. ಒಂದು ಮ್ಯಾಂಗನೀಸ್‌ಗೆ ಒಂದು ಆಕ್ಸಿಜನ್ ಇರುವುದು ಹಸಿರು ಪುಡಿ. ಒಂದಕ್ಕೆ ಎರಡು ಇರುವುದು ಸೆಲ್ಲಿನ ಕಪ್ಪು ಪುಡಿ. ಈ ಕಪ್ಪು ಪುಡಿಯನ್ನು ಗಾಳಿಯಲ್ಲಿ ಕಾಯಿಸುತ್ತ ಹೋದರೆ 500–600 ಡಿಗ್ರಿಯಲ್ಲಿ ಆಕ್ಸಿಜನ್ ಬಿಡಲು ಶುರು ಮಾಡುತ್ತದೆ. ಆಗ ಎರಡು ಮ್ಯಾಂಗನೀಸ್‌ಗೆ ಮೂರು ಆಕ್ಸಿಜನ್ ಉಳಿಯುತ್ತದೆ. ಇನ್ನೂ ಮೇಲೆ, 900–1000 ಡಿಗ್ರಿಯ ನಡುವೆ, ಮೂರಕ್ಕೆ ನಾಲ್ಕು. ಈ ಕೊನೆಯದು ಕಂದು ಬಣ್ಣ. ನಾಲ್ಕರಲ್ಲಿ ಅಯಸ್ಕಾಂತದ ಗುಣ ಸರಿಯಾಗಿ ತೋರಿಸುವುದು ಇದೊಂದೇ. ಅದಕ್ಕೂ ಸುಮಾರು ಮೈನಸ್ 231 ಡಿಗ್ರಿಯ ಕೆಳಗೆ ಹೋಗಬೇಕು. ಉಳಿದ ಮೂರರಲ್ಲಿ ತಂಪಾದಾಗ ಮ್ಯಾಂಗನೀಸ್‌ಗಳು ಎದುರು ಬದುರು ನಿಂತು ಒಂದರ ಬಲ ಒಂದು ಕಳೆಯುತ್ತವೆ.

ಕರೆಂಟಿನ ವಿಷಯದಲ್ಲಿ ಕಪ್ಪು ಪುಡಿಯೇ ವಾಸಿ. ಹಸಿರು ಪುಡಿ ಒಳ್ಳೆಯ ಅವಾಹಕ. ಕಪ್ಪು ಪುಡಿಯದೂ ಸಾಲದು ಅಂತಲೇ ಸೆಲ್ ಮಾಡುವವರು ಅದಕ್ಕೆ ಇಂಗಾಲದ ಪುಡಿ ಬೆರೆಸುತ್ತಾರೆ.

ಪ್ರಶ್ನೆ: ನಮ್ಮ ಡಿಗ್ರಿ ಕಾಲೇಜಿನಲ್ಲಿ ದೊಡ್ಡ ಉಪಕರಣಗಳಿಲ್ಲ. ಒಂದು ಆಕ್ಸೈಡ್‌ನಲ್ಲಿ ಆಕ್ಸಿಜನ್ 3.00 ಇದೆಯೋ 3.15 ಇದೆಯೋ ಅಂತ ಮಕ್ಕಳಿಗೆ ತೋರಿಸಲು ಸಾಧ್ಯವೇ?
— ರಸಾಯನಶಾಸ್ತ್ರ ಅಧ್ಯಾಪಕರು, ಶಿರಸಿ

ಉತ್ತರ: ಖಂಡಿತ ಸಾಧ್ಯ. ಒಂದು ಬ್ಯುರೆಟ್ (ಅಳತೆಯ ಗುರುತು ಇರುವ ಗಾಜಿನ ಕೊಳವೆ) ಸಾಕು. ನಾನು ಕಲಿತಿದ್ದೂ ಬ್ಯುರೆಟ್‌ನಲ್ಲೇ. ಈಗಲೂ ಇದಕ್ಕಿಂತ ನಂಬಿಕೆಯ ದಾರಿ ಬೇರೆ ಇಲ್ಲ ಅಂತ ನನ್ನ ಅಭಿಪ್ರಾಯ.

ಪುಡಿ 100 ಮಿಲಿಗ್ರಾಂ ತೂಗಿ. ಬಿರಡೆ ಇರುವ ಕೋನಿಕಲ್ ಫ್ಲಾಸ್ಕಿಗೆ ಹಾಕಿ. ಮೊದಲು ಪೊಟ್ಯಾಸಿಯಂ ಅಯೊಡೈಡ್ ಧಾರಾಳವಾಗಿ, ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್. ಈ ಕ್ರಮ ತಪ್ಪಬಾರದು. ಆಸಿಡ್ ಮೊದಲು ಹಾಕಿದರೆ ಕ್ಲೋರಿನ್ ಎದ್ದು ಹಾರಿಹೋಗುತ್ತದೆ, ನಿಮ್ಮ ಲೆಕ್ಕ ಅದರ ಜೊತೆ ಹೋಗುತ್ತದೆ. ಮ್ಯಾಂಗನೀಸ್ ಪೂರ್ತಿ ಪ್ಲಸ್ 2ಕ್ಕೆ ಇಳಿಯುತ್ತದೆ. ಇಳಿದಷ್ಟೂ ಅಯೊಡಿನ್ ಬಿಡುಗಡೆ. ಕಪ್ಪು ಪುಡಿ ಕರಗಿ ಕಂದು ದ್ರಾವಣ ಆಗುತ್ತದೆ. ಇದನ್ನು ಸೋಡಿಯಂ ಥಯೋಸಲ್ಫೇಟ್‌ನಿಂದ ಟೈಟ್ರೇಟ್ ಮಾಡಿ, ಅಂದರೆ ಬ್ಯುರೆಟ್‌ನಿಂದ ಸ್ವಲ್ಪ ಸ್ವಲ್ಪವೇ ಬಿಟ್ಟು ಎಷ್ಟು ಬೇಕಾಯಿತು ಅಂತ ಅಳೆಯಿರಿ. ಬಣ್ಣ ಒಣಹುಲ್ಲಿನ ಹಳದಿಗೆ ಬಂದಾಗ ಪಿಷ್ಟದ ದ್ರಾವಣ ಹಾಕಿ. ಅಂದರೆ ತಿಳಿ ಗಂಜಿ. ಕಡುನೀಲಿ ಆಗುತ್ತದೆ. ಒಂದೊಂದೇ ಹನಿ ಬಿಡಿ. ನೀಲಿ ಹೋದ ಕ್ಷಣ ನಿಲ್ಲಿಸಿ.

ಥಯೋಸಲ್ಫೇಟ್ 0.05 ಮೋಲಾರ್ ಇದ್ದರೆ, ಆಕ್ಸಿಜನ್ 3.00 ಇರುವ ಪುಡಿಗೆ 8.27 ಮಿಲಿಲೀಟರ್ ಬೇಕು. 3.15 ಇರುವುದಕ್ಕೆ 10.64. ನಡುವೆ 2.4 ಮಿಲಿಲೀಟರ್ ವ್ಯತ್ಯಾಸ! ಎರಡನೇ ವರ್ಷದ ಮಕ್ಕಳೂ ಇದನ್ನು ಓದಬಲ್ಲರು. ಆಕ್ಸಿಜನ್ ಬರೀ 0.02 ಜಾಸ್ತಿ ಇದ್ದರೂ 0.3 ಮಿಲಿಲೀಟರ್ ವ್ಯತ್ಯಾಸ ಬರುತ್ತದೆ. ಥಯೋಸಲ್ಫೇಟ್ ಅನ್ನು ಅದೇ ದಿನ ಡೈಕ್ರೋಮೇಟ್‌ನಿಂದ ಸರಿ ನೋಡಿಕೊಳ್ಳಿ. ಪುಡಿ ಇಲ್ಲದೆ ಒಂದು ಬ್ಲ್ಯಾಂಕ್ ಮಾಡಿ, ಯಾಕೆಂದರೆ ಆಸಿಡ್‌ನಲ್ಲಿ ಗಾಳಿಯೂ ಅಯೊಡಿನ್ ಬಿಡಿಸುತ್ತದೆ. ಸಾರಜನಕದ ಸಿಲಿಂಡರ್ ಇದ್ದರೆ ಫ್ಲಾಸ್ಕಿನಲ್ಲಿ ಸಣ್ಣಗೆ ಬಿಡುವುದು ಇನ್ನೂ ಒಳ್ಳೆಯದು.

ತರ್ಮೋಗ್ರಾವಿಮೆಟ್ರಿ ಯಂತ್ರ ಇರುವ ಕಡೆ ಹೈಡ್ರೋಜನ್ ಬೆರೆಸಿದ ಆರ್ಗಾನ್‌ನಲ್ಲಿ ಕಾಯಿಸಿ ತೂಕ ಎಷ್ಟು ಇಳಿಯಿತು ಅಂತ ನೋಡುತ್ತಾರೆ. 3.00 ಇದ್ದರೆ ತೂಕ 3.3 ಪರ್ಸೆಂಟ್ ಇಳಿಯುತ್ತದೆ, 3.15 ಇದ್ದರೆ ಸುಮಾರು 4.3.

ಒಂದು ಎಚ್ಚರಿಕೆ. ಟೈಟ್ರೇಷನ್ ನಿಮಗೆ ಹೇಳುವುದು ಮ್ಯಾಂಗನೀಸ್‌ನ ಸರಾಸರಿ ಮಾತ್ರ. ಅದರಿಂದ ಆಕ್ಸಿಜನ್ ಲೆಕ್ಕ ಹಾಕಬೇಕಾದರೆ ಲ್ಯಾಂಥನಮ್ ಮತ್ತು ಮ್ಯಾಂಗನೀಸ್ ಸರಿಯಾಗಿ ಒಂದಕ್ಕೆ ಒಂದು ಇರಬೇಕು. ಇಲ್ಲಿ ನನಗೆ ಮೂರು ತಿಂಗಳು ಹೋಯಿತು. ಒಂದು ಜುಲೈನಲ್ಲಿ ಮಾಡಿದ ಬಿಲ್ಲೆಗಳೆಲ್ಲ ಮಾರ್ಚಿನಲ್ಲಿ ಮಾಡಿದವುಗಳಿಗಿಂತ ಬೇರೆ ಥರ ಬಂದವು. ಪ್ಲಸ್ 4 ಪ್ರಮಾಣ ಜಾಸ್ತಿ. ಕುಲುಮೆ ನೋಡಿದೆ, ಗ್ಯಾಸ್ ನೋಡಿದೆ, ಅಗೇಟ್ ಕಲ್ಬತ್ತನ್ನೂ ಬದಲಿಸಿದೆ. ಕೊನೆಗೆ ಲ್ಯಾಬಿನ ಹಿರಿಯ ಸಹಾಯಕರೊಬ್ಬರು ಲ್ಯಾಂಥನಮ್ ಆಕ್ಸೈಡ್ ಬಾಟಲಿಯನ್ನು ಕೈಗೆತ್ತಿಕೊಂಡು, ‘ಇದನ್ನ ಸುಟ್ಟು ತೂಗಿದ್ಯಾ, ಹಾಗೇ ತೂಗಿದ್ಯಾ?’ ಅಂದರು. ಹಾಗೇ ತೂಗಿದ್ದೆ.

ಲ್ಯಾಂಥನಮ್ ಆಕ್ಸೈಡ್ ಗಾಳಿಯ ತೇವವನ್ನು ಕುಡಿದು ಹೈಡ್ರಾಕ್ಸೈಡ್ ಆಗುತ್ತದೆ. ನಮ್ಮ ಮಳೆಗಾಲದಲ್ಲಂತೂ ಬಹಳ ಬೇಗ. ಪೂರ್ತಿ ಹಾಗಾದ ಪುಡಿಯನ್ನು ಆಕ್ಸೈಡ್ ಅಂತ ನಂಬಿ ತೂಗಿದರೆ ಲ್ಯಾಂಥನಮ್ 14 ಪರ್ಸೆಂಟ್ ಕಡಿಮೆ ಬೀಳುತ್ತದೆ. ಲ್ಯಾಂಥನಮ್ ಕಡಿಮೆ ಆದರೂ ಮ್ಯಾಂಗನೀಸ್ ಪ್ಲಸ್ 4 ಕಡೆಗೇ ಏರುತ್ತದೆ. ನೋಡುವವರಿಗೆ ಆಕ್ಸಿಜನ್ ಜಾಸ್ತಿ ಆದ ಹಾಗೇ ಕಾಣುತ್ತದೆ. ಶಿರಸಿಯ ಮಳೆ ನನಗೆ ಗೊತ್ತು, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ರಾತ್ರಿ ಪೂರ್ತಿ 1000 ಡಿಗ್ರಿಯಲ್ಲಿ ಸುಟ್ಟು, ಡೆಸಿಕೇಟರ್‌ನಲ್ಲಿ (ತೇವ ತಾಗದ ಮುಚ್ಚಿದ ಪಾತ್ರೆ) ಆರಿಸಿ, ತೆಗೆದ ತಕ್ಷಣ ತೂಗಿ.

ಪ್ರಶ್ನೆ: ಆಕ್ಸಿಜನ್ ಸೇರಿಸಿದರೆ ಅಯಸ್ಕಾಂತ ಆಗುತ್ತೆ ಅಂತ ನಮ್ಮಕ್ಕ ಹೇಳಿದಳು. ಹಾಗಾದರೆ ಆಕ್ಸಿಜನ್ನೇ ಅಯಸ್ಕಾಂತನಾ?
— ಒಂಬತ್ತನೇ ತರಗತಿ, ದಾವಣಗೆರೆ

ಉತ್ತರ: ಅಕ್ಕನ ಪತ್ರದ ಜೊತೆಗೇ ನಿನ್ನ ಚೀಟಿಯೂ ಸಿಕ್ಕಿತು ಪುಟ್ಟ. ತುಂಬ ಒಳ್ಳೆಯ ಪ್ರಶ್ನೆ.

ನಾವು ಉಸಿರಾಡುವ ಆಕ್ಸಿಜನ್‌ನ ಒಂದೊಂದು ಅಣುವಿನಲ್ಲೂ ಜೋಡಿ ಇಲ್ಲದ ಎರಡು ಎಲೆಕ್ಟ್ರಾನ್ ಇವೆ. ಹಾಗಾಗಿ ಅಯಸ್ಕಾಂತ ಅದನ್ನು ಎಳೆಯುತ್ತದೆ. ಗಾಳಿಯಾಗಿದ್ದಾಗ ನಮಗೆ ಗೊತ್ತಾಗಲ್ಲ. ಮೈನಸ್ 183 ಡಿಗ್ರಿಗೆ ತಂಪು ಮಾಡಿದರೆ ಆಕ್ಸಿಜನ್ ತಿಳಿ ನೀಲಿ ನೀರಿನ ಹಾಗಾಗುತ್ತದೆ. ಅದನ್ನು ಜೋರಾದ ಅಯಸ್ಕಾಂತದ ಎರಡು ತುದಿಗಳ ನಡುವೆ ಸುರಿದರೆ ಕೆಳಗೆ ಬೀಳದೆ ಅಲ್ಲೇ ಹಿಡಿದುಕೊಂಡು ನಿಲ್ಲುತ್ತದೆ. ಆದರೆ ಸುಮ್ನೆ ಬಿಟ್ಟರೆ ಅದು ತಾನಾಗಿ ಅಯಸ್ಕಾಂತ ಅಲ್ಲ.

ಅಕ್ಕನ ಬಿಲ್ಲೆಯೊಳಗೆ ಹೋದ ಮೇಲೆ ಆ ಗುಣವೂ ಇರಲ್ಲ. ಅಲ್ಲಿ ಒಂದೊಂದು ಆಕ್ಸಿಜನ್ನೂ ಎರಡು ಎಲೆಕ್ಟ್ರಾನ್ ತೆಗೆದುಕೊಂಡು ತನ್ನದನ್ನೆಲ್ಲ ಜೋಡಿ ಮಾಡಿಕೊಳ್ಳುತ್ತದೆ. ಅದು ಎಲೆಕ್ಟ್ರಾನ್ ತೆಗೆದುಕೊಂಡಿದ್ದು ಯಾರ ಕೈಯಿಂದ ಅಂತ ಅಕ್ಕನಿಗೆ ಬರೆದ ಉತ್ತರದಲ್ಲಿದೆ. ಇಬ್ಬರೂ ಕೂತು ಓದಿ. ಮುಂದಿನ ಸಲ ಅವಳು ದಾರ ಕಟ್ಟುವಾಗ ಲ್ಯಾಬಿಗೆ ಕರೆದುಕೊಂಡು ಹೋಗಲು ಕೇಳು. ದ್ರವ ಸಾರಜನಕದ ಹತ್ತಿರ ಕೈ ಹಾಕಬೇಡ, ಕನ್ನಡಕ ಹಾಕಿಕೊಂಡು ದೂರದಿಂದ ನೋಡು.